ನೂರಕ್ಕೆ ಐದು

"ಸಹಿ ಬ್ಯಾಡ. ಹೆಬ್ಬಟ್ಟು ಒತ್ತಿಸು," ಎಂದರು ಫೌಜದಾರ ಪರಮೇಶಪ್ಪ.

ಕಾರಕೂನ ಅನ್ನವ್ವನ ಕೈ ಎಳೆದ. ಶಾಯಿ ನೆನೆಸಿದ ಅರಿವೆ ದವಾಖಾನೆಯ ಮೇಜಿನ ಮೇಲೆ ಸಿದ್ಧವಾಗಿತ್ತು.

"ನನಗ ಸಹಿ ಬರ್ತೈತ್ರಿ ಸಾಹೇಬ್ರ," ಎಂದಳು ಅನ್ನವ್ವ. "ಮುಲ್ಕಿ ಪಾಸಾಗೇನ್ರಿ."

"ಗೊತ್ತೈತಿ. ಆ ಶಾಣ್ಯಾತನದಿಂದನ ಒಂದು ಹೆಣ ಬಿದ್ದೈತಿ."

ಕಾರಕೂನ ಹಲ್ಲು ಕಿರಿದ. ಕೇರಿಯ ಹುಡುಗಿಯೊಬ್ಬಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ದಾಟಿ, ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ನೌಕರಿ ಹಿಡಿದದ್ದು ಹಿರೇಹೊಂಡದ ಎಷ್ಟೋ ಜನರ ಗಂಟಲಿಗೆ ಮುಳ್ಳಾಗಿತ್ತು. ಆ ಮುಳ್ಳನ್ನು ಕೀಳುವ ದಿನ ಇವತ್ತು ಬಂದಿತ್ತು.

"ಅಕಿ ಕೈ ಬಿಡು."

ಬಾಗಿಲ ಕಡೆಯಿಂದ ಬಂದ ದನಿ ದೊಡ್ಡದಾಗಿರಲಿಲ್ಲ. ಆದರೂ ಕಾರಕೂನ ಕೈ ಬಿಟ್ಟ. ಬಂಕಾಪುರದ ಹೆಣ್ಣುಮಕ್ಕಳ ಸಾಲೆಯಲ್ಲಿ ಗಣಿತ ಕಲಿಸುವ ಸರೋಜವ್ವ ಅಕ್ಕೋರು ಹೊಸ್ತಿಲು ದಾಟಿ ಒಳಗೆ ಬಂದಳು. ಸವಣೂರಿನ ಬಾವಿಯ ಪ್ರಕರಣ ಅವಳು ಬಿಡಿಸಿದ ಮೇಲೆ, ಅವಳನ್ನು ಕಂಡಾಗಲೆಲ್ಲ ಫೌಜದಾರರ ಕೈ ತಾನಾಗಿಯೇ ಟೊಪ್ಪಿಗೆಗೆ ಹೋಗಿ ಅದನ್ನು ನೆಟ್ಟಗೆ ಮಾಡುತ್ತಿತ್ತು. ಈಗಲೂ ಹೋಯಿತು.

"ನಿಮ್ಮನ್ನ ಯಾರು ಕರಿಸಿದ್ರು, ಅಕ್ಕೋರ?"

"ಸತ್ತವನ ಹೇಣ್ತಿ."

ಹೊರಗೆ ಬೇವಿನ ಗಿಡದ ಕೆಳಗೆ ಮಾರೆಪ್ಪನ ಹೆಣ ಕಂಬಳಿ ಹೊದ್ದು ಬೋರಲಾಗಿ ಬಿದ್ದಿತ್ತು. ಪಕ್ಕದಲ್ಲಿ ಅವನ ಹೆಂಡತಿ ಕರೆವ್ವ ಒಂದು ಮಣ್ಣಿನ ಗಡಿಗೆಯನ್ನು ತಬ್ಬಿಕೊಂಡು ಕುಳಿತಿದ್ದಳು. ಊರಗೌಡ ಕರಬಸಪ್ಪನ ಬಿಟ್ಟಿ ಚಾಕರಿ ಇನ್ನು ಮಾಡುವುದಿಲ್ಲ ಎಂದು ನಿಂತದ್ದಕ್ಕೆ ಮಾರೆಪ್ಪ, ಉಳಿವೆಪ್ಪ ಇಬ್ಬರ ಬೆನ್ನನ್ನೂ ಗೌಡನ ಆಳುಗಳು ಬಾರುಕೋಲಿನಿಂದ ಸುಲಿದಿದ್ದರು. ನಿನ್ನೆ ಮುಂಜಾನೆ ಅನ್ನವ್ವ ಮಾರೆಪ್ಪನ ಗಾಯ ತೊಳೆದಳು. ಹೊತ್ತು ಮುಳುಗುವುದರೊಳಗೆ ಅವನು ಸತ್ತ.

ಹೊಡೆದವರ ಹೆಸರು ಫೌಜದಾರರ ಕಾಗದದಲ್ಲಿ ಇರಲಿಲ್ಲ. ತೊಳೆದವಳ ಹೆಸರು ಮೂರು ಕಡೆ ಇತ್ತು.

"ಏನು ಬರಕೊಂಡೀರಿ? ಓದ್ರಿ," ಎಂದಳು ಸರೋಜವ್ವ.

"ನಿಮಗ ಓದಿ ಹೇಳಬೇಕಂತ ಕಾಯ್ದೆ ಏನೂ ಇಲ್ಲ."

"ಅಕಿಗೆ ಓದಿ ಹೇಳಬೇಕಂತ ಐತಿ. ನಾ ಇಲ್ಲೆ ನಿಂತು ಕೇಳ್ತೇನಿ."

ಫೌಜದಾರರು ಕಾರಕೂನನತ್ತ ಗದ್ದ ಎತ್ತಿದರು. ಅನ್ನವ್ವನ ಹೇಳಿಕೆಯ ಆ ಜಬಾನಿಯನ್ನು ಅವನು ಒಂದೇ ಉಸಿರಿನಲ್ಲಿ ಓದಿದ. ಗಾಯ ತೊಳೆಯುವ ಕಾರ್ಬಾಲಿಕ್ ನೀರಿನ ಎರಡು ಬಾಟ್ಲಿ ದವಾಖಾನೆಯಲ್ಲಿ ಇದ್ದವು. ಎರಡರಲ್ಲೂ ಅರ್ಧರ್ಧ ಉಳಿದಿತ್ತು. ಎರಡರ ಮೇಲೂ 'ನೂರಕ್ಕೆ ಐದು' ಎಂಬ ಚೀಟಿ ಇತ್ತು, ಅಂದರೆ ನೂರು ಪಾಲು ನೀರಿನಲ್ಲಿ ಐದು ಪಾಲು ಕಾರ್ಬಾಲಿಕ್. ಅನ್ನವ್ವ ಅವೆರಡನ್ನೂ ಒಂದೇ ಬಾಟ್ಲಿಗೆ ಸುರಿದಳು. ಐದೂ ಐದೂ ಹತ್ತಾಯಿತು. ಇಮ್ಮಡಿ ಖಾರವಾದ ಆ ನೀರಿನಿಂದ ತೊಳೆದದ್ದಕ್ಕೆ ಮಾರೆಪ್ಪ ಸತ್ತ. ಇದು ತನ್ನ ತಿಳಿಗೇಡಿತನದಿಂದ ಆದ ತಪ್ಪೆಂದು ಅವಳು ಒಪ್ಪಿದ್ದಾಳೆ.

"ಒಪ್ಪೀ ಏನು, ಅನ್ನವ್ವ?"

ಅನ್ನವ್ವ ತಲೆ ಎತ್ತಲಿಲ್ಲ. "ಹೌದ್ರಿ ಅಕ್ಕೋರ."

"ಐದೂ ಐದೂ ಹತ್ತು ಅಂತ ನಿನಗ ಯಾರು ಹೇಳಿದ್ರು?"

ಅನ್ನವ್ವನ ಕಣ್ಣು ಕಿಟಕಿಯ ಕಡೆ ಹೋಗಿ ತಟ್ಟನೆ ಹಿಂದಿರುಗಿತು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬಸವಣ್ಣೆಪ್ಪ ಮಾಸ್ತರು ಕುಳಿತಿದ್ದರು. ನರೆತ ಮೀಸೆ, ಹಣೆಯ ತುಂಬ ವಿಭೂತಿ, ಆ ಬಿಸಿಲಿನಲ್ಲೂ ಮೈತುಂಬ ಹೊದ್ದ ಶಾಲು. ಗಣಿತವೆಂದರೆ ಬಸವಣ್ಣೆಪ್ಪ ಮಾಸ್ತರು ಎಂದು ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಹೆಸರಾಗಿದ್ದವರು. ಊರಗೌಡ ಕರಬಸಪ್ಪನ ಜಮೀನಿನ ಲೆಕ್ಕ ಬರೆಯುವವರೂ ಅವರೇ. ಅವರ ಕೈಯಲ್ಲಿ ಮುಲ್ಕಿ ಪಾಸಾದವರು ಈ ಸೀಮೆಯ ಕಚೇರಿಗಳಲ್ಲೆಲ್ಲ ತುಂಬಿಕೊಂಡಿದ್ದರು. ಫೌಜದಾರರು ಅವರ ಶಿಷ್ಯರು, ಈ ಕಾರಕೂನನೂ ಅವರ ಶಿಷ್ಯನೇ. ಸಾಲೆಯ ಪಡಸಾಲೆಯ ಹೊರಗೆ ಕುಳಿತು, ಕಿಟಕಿಯೊಳಗಿಂದ ತೂರಿಬಂದಷ್ಟು ಗಣಿತ ಹೆಕ್ಕಿಕೊಂಡ ಅನ್ನವ್ವನೂ ಅವರ ಶಿಷ್ಯೆಯೇ.

ನಿನ್ನೆ ಸಂಜೆಯಿಂದ ಅವರ ಹೆಸರಿಗೆ ಇನ್ನೊಂದು ಪ್ರಭಾವಳಿ ಬಂದಿತ್ತು. ಮಾರೆಪ್ಪ ಸತ್ತ ಮೇಲೆ, ಗಾಯದಿಂದ ನರಳುತ್ತಿದ್ದ ಉಳಿವೆಪ್ಪನನ್ನು ತಮ್ಮದೇ ಗಾಡಿಯಲ್ಲಿ ಹುಲಗೂರಿಗೆ ಒಯ್ದು ತಮ್ಮ ಮನೆಯ ಕಟ್ಟೆಯ ಮೇಲೆ ಮಲಗಿಸಿದ್ದರು. ಕೇರಿಯವನೊಬ್ಬ ಅಂಥ ಮನೆಯ ಕಟ್ಟೆಯ ಮೇಲೆ! ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತ್ತು.

"ನಾನ ಹೇಳಿದ್ದು, ತಂಗಿ," ಎಂದರು ಮಾಸ್ತರು. ದನಿಯಲ್ಲಿ ಬೇಸರವಿಲ್ಲ, ತಾಳ್ಮೆ ಇತ್ತು. "ಫೌಜದಾರರು ಕೇಳಿದ್ರು, ನಾ ಹೇಳಿದೆ. ಹುಡುಗಿ ತಪ್ಪು ಮಾಡ್ಯಾಳ. ಆದರ ಬೇಕಂತ ಮಾಡಿಲ್ಲ. ಎರಡು ವರ್ಷದಾಗ ಹೊರಗ ಬರ್ತಾಳ."

"ನೀವು ಶೇಕಡಾ ಹೆಂಗ ಕಲಸ್ತೀರಿ, ಗುರುಗಳ?"

ಫೌಜದಾರರಿಗೆ ರೇಗಿತು. "ಅಕ್ಕೋರ, ಇದು ಸಾಲಿ ಅಲ್ಲ."

"ಇರಲಿ ಬಿಡಪ್ಪ," ಎಂದು ಮಾಸ್ತರು ನಕ್ಕರು. "ಸವಣೂರ ವೀಳ್ಯದೆಲಿಯಿಂದ ಕಲಸ್ತೇನಿ ನಾ. ನೂರೆಲಿಗೆ ಒಂದು ಕಟ್ಟು. ಒಂದು ಕಟ್ಟಿನ್ಯಾಗ ಐದು ಎಲಿ ಕೊಳತಾವ, ಅದು ನೂರಕ್ಕ ಐದು. ಇನ್ನೊಂದು ಕಟ್ಟಿನ್ಯಾಗೂ ಐದು ಕೊಳತಾವ. ಎರಡೂ ಕೂಡ್ಸಿದ್ರ ಕೊಳತ ಎಲಿ ಎಷ್ಟು?"

"ಹತ್ತ್ರಿ," ಎಂದರು ಫೌಜದಾರರು.

"ಹತ್ತ್ರಿ," ಎಂದ ಕಾರಕೂನ.

ಅನ್ನವ್ವನ ತುಟಿಯೂ ಅಲುಗಿತು. ಎಲ್ಲರೂ ಒಂದೇ ರಾಗದಲ್ಲಿ ಹೇಳಿದ್ದರು. ಎಷ್ಟೋ ವರ್ಷ ಬೆತ್ತದ ಮುಂದೆ ಹೇಳಿ ಹೇಳಿ ಮೈಗೆ ಹತ್ತಿದ ರಾಗ ಅದು. ಒಬ್ಬಳು ಕೈದಿ, ಅವಳನ್ನು ಹಿಡಿದ ಇಬ್ಬರು, ಎಲ್ಲರೂ ಒಂದೇ ಇಯತ್ತೆಯ ಹುಡುಗರಂತೆ.

ಈ ರಾಗಕ್ಕೆ ಈ ಹುಡುಗಿ ಜೈಲಿಗೆ ಹೋಗುವವಳಿದ್ದಳು.

"ಹತ್ತು ಖರೆ," ಎಂದಳು ಸರೋಜವ್ವ. "ಎಷ್ಟು ಎಲಿಯೊಳಗ ಹತ್ತು?"

ಫೌಜದಾರರು ಮಾಸ್ತರ ಕಡೆ ನೋಡಿದರು.

"ಕೊಳತದ್ದನ್ನ ಕೂಡಿಸಿದ್ರಿ. ಚಲೋ ಎಲಿ ಎಲ್ಲಿ ಹೋದ್ವು? ಒಂದು ಕಟ್ಟು ಇದ್ದದ್ದು ಎರಡು ಕಟ್ಟು ಆತಲ್ಲ. ಇನ್ನೂರರಾಗ ಹತ್ತು. ಅಂದ್ರ ನೂರಕ್ಕ?"

ಕಾರಕೂನ ಬೆರಳು ಮಡಚತೊಡಗಿದ. ಅರ್ಧಕ್ಕೆ ನಿಲ್ಲಿಸಿ ಫೌಜದಾರರ ಮುಖ ನೋಡಿದ.

"ಎಲಿ ಬ್ಯಾರೆ, ಆಸಿಡ್ ಬ್ಯಾರೆ," ಎಂದರು ಫೌಜದಾರರು. "ಖಾರಕ್ಕ ಖಾರ ಕೂಡಿದ್ರ ಖಾರ ಹೆಚ್ಚಾಗೂದ. ಇದಕ್ಕ ಮುಲ್ಕಿ ಯಾಕ ಬೇಕು?"

ಸರೋಜವ್ವ ಮೇಜಿನತ್ತ ನಡೆದಳು. ಫೌಜದಾರರು ಜಪ್ತು ಮಾಡಿದ ಬಾಟ್ಲಿ ಅಲ್ಲಿತ್ತು. ಚೀಟಿಯ ಮೇಲೆ ಕಂಪೌಂಡರನ ದುಂಡು ಅಕ್ಷರ: ನೂರಕ್ಕೆ ಐದು. ಅರ್ಧಕ್ಕಿಂತ ಸ್ವಲ್ಪ ಕಡಿಮೆ ನೀರು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ವಾಲಿಸಿದಳು.

ತಳದಲ್ಲಿ ಏನೋ ಸರಿದಾಡಿತು. ಕಂದು ಬಣ್ಣದ, ಎಣ್ಣೆಯಂಥ ಒಂದು ಪದರ. ನೀರು ಅತ್ತ ವಾಲಿದರೆ ಅದು ಹಿಂದೆ ಹಿಂದೆ ಜಿಗುಟಾಗಿ ಬರುತ್ತಿತ್ತು. ನೀರಿನ ಜೊತೆ ಬೆರೆಯುತ್ತಿರಲಿಲ್ಲ.

ಅವಳು ಬಾಟ್ಲಿ ಇಳಿಸಿ ಅನ್ನವ್ವನ ಕೈ ಹಿಡಿದು ತಿರುವಿದಳು. ಬಲಗೈಯ ಮೂರು ಬೆರಳ ತುದಿ ಸುಣ್ಣ ಬಳಿದಂತೆ ಬಿಳಿಚಿತ್ತು. ಚರ್ಮ ಸುಕ್ಕಾಗಿ ಎದ್ದಿತ್ತು.

"ಇದು ಯಾವಾಗ ಆತು?"

"ನಿನ್ನೆ ತೊಳಿಯೂಮುಂದ್ರಿ. ಹತ್ತಿ ಅದ್ದಿದ ಬೆರಳು. ಮೊದಲ ಉರೀತು, ಆಮ್ಯಾಲ ಜೋಮ ಹಿಡೀತು. ಈಗೂ ಮುಟ್ಟಿದ್ದು ಗೊತ್ತಾಗವಲ್ದು."

"ದಿನಾ ಅದ್ದೀಯಲ್ಲ ಅದರಾಗ. ಹಿಂದ ಎಂದರ ಹಿಂಗ ಆಗಿತ್ತೇನು?"

"ಇಲ್ರಿ."

ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡಂತೆ ನಿಂತಿದ್ದ ಕಂಪೌಂಡರ ಮಕ್ತುಮಸಾಬ ಕೆಮ್ಮಿದ. ತಂಗಿಯ ಲಗ್ನಕ್ಕೆ ಸವಣೂರಿಗೆ ಹೋದವನು ಇವತ್ತು ಮುಂಜಾನೆಯಷ್ಟೇ ತಿರುಗಿ ಬಂದಿದ್ದ. ಬಂದಾಗಿನಿಂದ ಅವನ ಕಣ್ಣು ಪೊಲೀಸರ ಕೈಕೋಳದ ಮೇಲಿತ್ತು.

"ಮಕ್ತುಮಸಾಬ, ಗಟ್ಟಿ ಕಾರ್ಬಾಲಿಕ್ ಎಲ್ಲಿ ಇಡ್ತೀರಿ?"

"ಕಪಾಟಿನಾಗ್ರಿ. ಬೀಗ ಹಾಕೇ ಇರ್ತೈತ್ರಿ."

"ಬೀಗದ ಕೈ?"

ಅವನು ಬಾಗಿಲ ಹಿಂದಿನ ಗೂಟದತ್ತ ನೋಡಿದ. ಬೀಗದ ಕೈ ಅಲ್ಲೇ ತೂಗುತ್ತಿತ್ತು. ಅದು ಅಲ್ಲಿ ತೂಗುತ್ತದೆಂದು ಕಣ್ಣಿಗೆ ಔಷಧ ಬಿಡಿಸಿಕೊಳ್ಳಲು ಬರುವ ಮುದುಕಿಗೂ ಗೊತ್ತಿತ್ತು.

"ಐದು ಪಾಲು ಕಾರ್ಬಾಲಿಕ್ ನೂರು ನೀರಾಗ ಹೆಂಗ ಕಾಣ್ತೈತಿ?"

"ತಿಳಿಯಾಗಿರ್ತೈತ್ರಿ, ಬಾವಿ ನೀರಿನಂಗ. ಹೆಚ್ಚಿಗಿ ಹಾಕಿದ್ರ ಕರಗೂದಿಲ್ರಿ. ತಳಕ್ಕ ಎಣ್ಣಿ ಆಗಿ ಕುಂದರ್ತೈತಿ." ಹೇಳಿದ ಮೇಲೆ ಅವನು ಬಾಟ್ಲಿಯ ತಳ ನೋಡಿದ. "ಯಾ ಅಲ್ಲಾ. ನಾ ಊರಾಗ ಇದ್ದಿಲ್ರಿ ಸಾಹೇಬ್ರ, ಲಗ್ನದ ಮಂದಿನ್ನ ಕೇಳ್ರಿ!"

"ನಿನ್ನನ್ನ ಯಾರು ಕೇಳಿದ್ರೋ?" ಎಂದು ಫೌಜದಾರರು ಗದರಿದರು. "ಎರಡು ಬಾಟ್ಲಿ ಕೂಡಿ ಹತ್ತಾದ ಮ್ಯಾಲ ಎಣ್ಣಿ ಕುಂತೈತಿ. ಅಷ್ಟ. ಲೆಕ್ಕ ಬರೋಬ್ಬರಿ ಆತು."

"ಆಗೂದಿಲ್ಲ," ಎಂದಳು ಸರೋಜವ್ವ. "ತೋರಸ್ತೇನಿ ನಡೀರಿ. ಕರೆವ್ವಾ, ನಿನ್ನ ಗಡಿಗ್ಯಾಗ ನೀರೈತೇನು?"

ಹೊರಗೆ ಕುಳಿತ ಕರೆವ್ವ ತಲೆ ಎತ್ತಿದಳು. "ಬೆಲ್ಲದ ನೀರೈತ್ರಿ ಅಕ್ಕೋರ. ನಿನ್ನೆ ಅವರು ನೀರಡಸೇತಿ ಅಂದಿದ್ರು. ಕಲಸಿಕೊಂಡು ಬರೂದರಾಗ..."

"ಎರಡು ವಾಟಗದಾಗ ಅರ್ಧರ್ಧ ಹಾಕು."

ಎಲ್ಲರೂ ಪಡಸಾಲೆಗೆ ಬಂದರು. ಪಡಸಾಲೆಯ ಗೋಡೆಯ ಮೇಲೆ ದವಾಖಾನೆ ಕಟ್ಟಿಸಿದ ಕರಬಸಪ್ಪ ಗೌಡನ ಹೆಸರನ್ನು ಕಲ್ಲಿನಲ್ಲಿ ಕೆತ್ತಿತ್ತು. ಅದರ ಕೆಳಗೆ, ಅದೇ ಗೌಡನ ಬಾರುಕೋಲಿಗೆ ಬಲಿಯಾದವನ ಹೆಂಡತಿ ಮೆಟ್ಟಿಲ ಕೆಳಗೆ ನಿಂತೇ ಪಡಸಾಲೆಯ ಅಂಚಿಗೆ ಎರಡು ವಾಟಗ ಇಟ್ಟು ಬೆಲ್ಲದ ನೀರು ಸುರಿದಳು. ಒಂದಿಷ್ಟು ಕಲ್ಲಿನ ಮೇಲೆ ಚೆಲ್ಲಿತು.

"ನೋಡ್ರಿ. ಒಂದ ಗಡಿಗಿ, ಒಂದ ನೀರು. ಎರಡೂ ಅಷ್ಟ ಸಿಹಿ. ಈಗ ಇದನ್ನ ಇದರಾಗ ಸುರುವುತೇನಿ." ಸರೋಜವ್ವ ಒಂದು ವಾಟಗವನ್ನು ಇನ್ನೊಂದಕ್ಕೆ ಬಗ್ಗಿಸಿದಳು. ಅದು ಕಂಠದವರೆಗೆ ತುಂಬಿತು. "ಐದೂ ಐದೂ ಹತ್ತು ಅನ್ನೂದು ಖರೆ ಆದ್ರ, ಈ ನೀರು ಗಡಿಗ್ಯಾಗಿನ ನೀರಿಗಿಂತ ಎರಡು ಪಟ್ಟು ಸಿಹಿ ಇರಬೇಕು. ಕುಡದು ಹೇಳ್ರಿ. ಎರಡು ಪಟ್ಟು ಸಿಹಿ ಅಂದ್ರ ಆ ಜಬಾನಿ ಮ್ಯಾಲ ಸಾಕ್ಷಿ ಅಂತ ನಾನ ಸಹಿ ಹಾಕ್ತೇನಿ."

ಅವಳು ವಾಟಗ ಮುಂದೆ ಹಿಡಿದಳು.

ಫೌಜದಾರರು ಒಂದು ಹೆಜ್ಜೆ ಹಿಂದೆ ಸರಿದರು. ಕಾರಕೂನ ಎರಡು ಹೆಜ್ಜೆ ಸರಿದ. ಕೇರಿಯ ಬಾವಿಯ ನೀರು, ಕೇರಿಯ ಗಡಿಗೆ, ಅದೂ ಸೂತಕದ ಹೆಂಗಸು ಮುಟ್ಟಿದ್ದು. ಒಂದು ಹುಡುಗಿಯನ್ನು ಜೈಲಿಗೆ ಕಳಿಸಲು ಹೆದರದ ಜನ ಒಂದು ಗುಟುಕು ನೀರಿಗೆ ಹೆದರಿ ಗೋಡೆಗೆ ಒರಗಿದ್ದರು.

"ನನಗ ಸಿಹಿ ಆಗಿ ಬರೂದಿಲ್ಲ," ಎಂದರು ಫೌಜದಾರರು. "ಗುರುಗಳ, ನೀವ ಕುಡದು ಮುಗಿಸಿಬಿಡ್ರಿ. ಹೆಂಗೂ ಉಳಿವೆಪ್ಪನ್ನ ಮನಿಯಾಗ ಇಟಗೊಂಡೀರಿ. ನಿಮಗೇನು ಅಡ್ಡಿ?"

ವಾಟಗ ಬಸವಣ್ಣೆಪ್ಪ ಮಾಸ್ತರ ಮುಂದೆ ಬಂತು.

ಮಾಸ್ತರು ಅದನ್ನು ನೋಡಿದರು. ಹಣೆಯ ವಿಭೂತಿಯ ಕೆಳಗೆ ಬೆವರಿನ ಒಂದು ಹನಿ ಇಳಿಯಿತು. ಶಾಲಿನ ಹೊರಗೆ ಎಡಗೈ ಬಂದು ವಾಟಗವನ್ನು ಆಚೆ ಸರಿಸಿತು.

"ಕುಡಿಯೂದು ಯಾಕ ಬೇಕು?" ಎಂದರು ಅವರು. "ಸಿಹಿ ಅಷ್ಟ ಇರ್ತೈತಿ. ಹೆಚ್ಚಾಗೂದಿಲ್ಲ."

ಕಾರಕೂನ ಗೋಡೆಯಿಂದ ಬೆನ್ನೆತ್ತಿ ನಿಂತ.

ಸರೋಜವ್ವ ವಾಟಗ ಇಳಿಸಲಿಲ್ಲ. "ಅಷ್ಟ ಇರ್ತೈತಿ ಅಂತ ಕುಡೀಲಾರದ ಹೆಂಗ ಗೊತ್ತಾತು, ಗುರುಗಳ?"

"ಇದೇನು ದೊಡ್ಡ ಮಾತು, ತಂಗಿ. ನೀನ ಈಗ ಹೇಳಿದೆಲ್ಲ, ಎಲಿ ಲೆಕ್ಕ." ಮಾಸ್ತರು ನಗಲು ನೋಡಿದರು. "ಮನಷ್ಯಾ ಕಲೀಲಿಕ್ಕೆ ವಯಸ್ಸಿನ ಮಿತಿ ಇಲ್ಲ. ನನ್ನಿಂದ ತಪ್ಪಾತು. ಪರಮೇಶಪ್ಪ, ನೂರಕ್ಕ ಐದನ್ನ ನೂರಕ್ಕ ಐದಕ್ಕ ಕೂಡಿಸಿದ್ರ ನೂರಕ್ಕ ಐದ ಉಳೀತೈತಿ. ನಾ ತಪ್ಪು ಹೇಳಿದೆ."

ಅಷ್ಟು ವರ್ಷ ಕಲಿಸಿದ್ದನ್ನು ಅವರು ಶಾಲು ಸರಿಪಡಿಸಿಕೊಂಡಷ್ಟು ಸಲೀಸಾಗಿ ಬಿಟ್ಟುಕೊಟ್ಟರು. ವಾದವಿಲ್ಲ, ಸಿಟ್ಟಿಲ್ಲ. ಶಿಷ್ಯರೆದುರು ಸೋತ ಮಾಸ್ತರ ಮುಖ ಹೀಗಿರುವುದಿಲ್ಲ ಎನಿಸಿತು ಸರೋಜವ್ವನಿಗೆ. ತಪ್ಪು ತಿಳಿದವನು ಮೊದಲು ಜಗಳ ಮಾಡುತ್ತಾನೆ. ಮೊದಲೇ ಸರಿ ಗೊತ್ತಿದ್ದವನಿಗೆ ಮಾತ್ರ ಜಗಳ ಬೇಕಾಗುವುದಿಲ್ಲ.

ಕರೆವ್ವ ಕೆಳಗಿನಿಂದಲೇ ಕೈ ಚಾಚಿ ಸರೋಜವ್ವನ ಕೈಯಿಂದ ವಾಟಗ ತೆಗೆದುಕೊಂಡಳು. ಒಂದು ಗುಟುಕು ಕುಡಿದಳು. ಗಂಡ ಸತ್ತ ಮೇಲೆ ಅವಳ ಗಂಟಲಿಗೆ ಇಳಿದ ಮೊದಲ ಹನಿ ಅದು.

"ಒಂದ ಸಿಹಿ ಐತ್ರಿ," ಎಂದಳು. ಉಳಿದದ್ದನ್ನು ಹೆಣದ ಬಳಿಯ ಮಣ್ಣಿಗೆ ಚೆಲ್ಲಿದಳು.

ಫೌಜದಾರರು ಬಹಳ ಹೊತ್ತು ಗಲ್ಲ ಕೆರೆದುಕೊಂಡರು. ಆಮೇಲೆ ಒಳಗೆ ಹೋಗಿ ಬಾಟ್ಲಿ ಎತ್ತಿ ತಳ ನೋಡಿದರು. ಉಳಿದವರೂ ಹಿಂದೆಯೇ ಬಂದರು. ಫೌಜದಾರರೇನೂ ದಡ್ಡರಲ್ಲ. ತಪ್ಪು ಕಲಿತಿದ್ದರು, ಅಷ್ಟೇ.

"ಹಂಗಾದ್ರ," ಎಂದರು ನಿಧಾನವಾಗಿ, "ಎರಡು ಬಾಟ್ಲಿ ಕೂಡಿಸಿದ್ದರಿಂದ ಈ ಎಣ್ಣಿ ಬಂದಿಲ್ಲ."

"ಇಲ್ಲ."

"ಯಾರೋ ಕಪಾಟ ತಗದು ಗಟ್ಟಿ ಕಾರ್ಬಾಲಿಕ್ ಇದರಾಗ ಸುರುವ್ಯಾರ."

"ಹೌದು."

"ಕೈಜಾರಿ ಅಲ್ಲ. ಬೇಕಂತ."

ಸರೋಜವ್ವ ಬಾಯಿ ತೆರೆದಳು. ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೆ ಆಗ ಹೊಳೆಯಿತು. ಹೊಳೆದಾಗ ತಡವಾಗಿತ್ತು.

"ಕಂಪೌಂಡರ ಊರಾಗ ಇಲ್ಲ. ಬೀಗದ ಕೈ ಗೂಟಕ್ಕ. ಬಾಟ್ಲಿ ಮುಟ್ಟಿದಾಕಿ ಒಬ್ಬಾಕಿ. ಬೆರಳು ಸುಟ್ಟದ್ದೂ ಅಕೀದ." ಫೌಜದಾರರು ಕಾರಕೂನನತ್ತ ತಿರುಗಿದರು. "ಆ ಜಬಾನಿ ಹರಿದು ಒಗಿ. ಹೊಸಾ ಹಾಳಿ ತಗಿ. ತಪ್ಪಿನಿಂದ ಆದ ಸಾವು ಅಲ್ಲ ಅಂತ ಬರಿ. ಖೂನಿ."

ಅನ್ನವ್ವ ನೆಲಕ್ಕೆ ಕುಳಿತು ಸುಟ್ಟ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಸಾಹೇಬ್ರ!" ಎಂದಳು ಸರೋಜವ್ವ. "ತನ್ನ ಕೇರಿಯವನನ್ನ ಅಕಿ ಯಾಕ ಕೊಲ್ತಾಳ? ಮಾರೆಪ್ಪ ಸತ್ರ ಯಾರಿಗೆ ಲಾಭ ಅಂತ ಊರ ಕೂಸಿಗೂ ಗೊತ್ತೈತಿ. ಗೌಡನ ವಾಡೇಕ್ಕ ಹೋಗಿ ಕೇಳ್ರಿ."

"ನಿಮ್ಮ ಲೆಕ್ಕನ ಅಕ್ಕೋರ ಇದು. ನನ್ನದಲ್ಲ." ಫೌಜದಾರರ ದನಿಯಲ್ಲಿ ಈಗ ನೆಮ್ಮದಿ ಇತ್ತು. "ನೀವು ಬರೂದಕ್ಕ ಮೊದಲು ಈ ಹುಡುಗಿಗೆ ಎರಡು ವರ್ಷ ಇತ್ತು. ಬಂದು ಗಲ್ಲಿಗೆ ಹಚ್ಚಿದ್ರಿ."

ಬಸವಣ್ಣೆಪ್ಪ ಮಾಸ್ತರು ಬಾಗಿಲತ್ತ ನಡೆದರು. ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿಯುತ್ತ, "ನಾ ಹೊಂಟೇನಪ್ಪ ಪರಮೇಶಪ್ಪ. ಉಳಿವೆಪ್ಪನ ಗಾಯ ತೊಳೀಬೇಕು. ನನ್ನ ಹಾದಿ ಕಾಯ್ತಿರ್ತಾನ," ಎಂದರು.

"ಪುಣ್ಯದ ಕೆಲಸ, ಗುರುಗಳ," ಎಂದರು ಫೌಜದಾರರು ಕೈ ಮುಗಿದು.

ಗಾಡಿಯ ಗಾಲಿಗಳು ಹುಲಗೂರಿನ ಹಾದಿಗೆ ಹೊರಳಿದವು. ಎತ್ತಿನ ಕೊರಳ ಗಂಟೆಯ ಸದ್ದು ಜೋಳದ ಹೊಲದ ಆಚೆ ಕರಗುತ್ತ ಹೋಯಿತು.

ಸರೋಜವ್ವ ಅನ್ನವ್ವನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಈ ಹುಡುಗಿಯ ಕುತ್ತಿಗೆಗೆ ಹಗ್ಗ ಹತ್ತಿರವಾದದ್ದು ತನ್ನ ಕೈಯಿಂದ. ಬಿಡಿಸುವುದೂ ತನ್ನ ಕೈಯಿಂದಲೇ ಆಗಬೇಕು. ಅವಳು ಮೇಜಿನ ಮೇಲಿನದನ್ನೆಲ್ಲ ಕಣ್ಣಿನಿಂದಲೇ ಮತ್ತೆ ಎಣಿಸಿದಳು. ಪಿಂಗಾಣಿಯ ಬೋಗುಣಿ. ಹತ್ತಿಯ ಸುರುಳಿ. ಬಾಟ್ಲಿ.

ಒಂದೇ ಬಾಟ್ಲಿ.

"ಅನ್ನವ್ವಾ. ಎರಡು ಬಾಟ್ಲಿ ಇದ್ದದ್ದನ್ನ ಒಂದರಾಗ ಸುರುವಿದಿ ಅಂದಿ. ಖಾಲಿ ಆದ ಬಾಟ್ಲಿ ಎಲ್ಲೈತಿ?"

ಅನ್ನವ್ವ ಬೋಗುಣಿಯ ಕಡೆ ಮುಖ ತಿರುಗಿಸಿದಳು.

"ಒಗದೀಯೇನು?"

"ಒಗಿಯಾಕ ಆಗೂದಿಲ್ರಿ ಅಕ್ಕೋರ," ಎಂದ ಮಕ್ತುಮಸಾಬ ಮೂಲೆಯಿಂದ. "ಯುದ್ಧ ಸುರು ಆದಾಗಿಂದ ಗಾಜಿನ ಬಾಟ್ಲಿ ಸಿಗವಲ್ವು. ಖಾಲಿ ಬಾಟ್ಲಿ ಕೊಟ್ಟರಷ್ಟ ಶಿಗ್ಗಾವಿಯೊಳಗ ಹೊಸಾ ಔಷಧ ಹಾಕ್ತಾರ. ಅಕಿಗೂ ಗೊತ್ತೈತ್ರಿ."

"ಹೇಳವ್ವಾ. ಬಾಟ್ಲಿ ಎಲ್ಲಿ?"

ಅನ್ನವ್ವ ತಲೆ ಎತ್ತಿದಳು. "ನಾ ಸುರುವಿಲ್ರಿ."

"ಏನಂದಿ?"

"ಎರಡೂ ಕೂಡಿಸಿಲ್ರಿ ಅಕ್ಕೋರ. ಯಾಕ ಕೂಡಿಸ್ಲಿ? ಒಂದು ಬಾಟ್ಲಿ ತಗೊಂಡೆ, ಬೋಗುಣಿಗೆ ಹಾಕಿದೆ, ತೊಳದೆ. ಮಾರೆಪ್ಪ ಚೀರಿದ ಚೀರಾಟ ಕೇಳಿ ಉಳಿವೆಪ್ಪ ಹೆದರಿ ಕೈ ಹಚ್ಚಗೊಡಲಿಲ್ಲ. ಅರಿಷಿಣಾ ಹಚ್ಚಿಸಿಕೊಂಡು ಹೊರಗ ಮಕ್ಕೊಂಡ. ಎರಡನೇ ಬಾಟ್ಲಿ ನಾ ಮುಟ್ಟೇ ಇಲ್ಲ." ಮಾತು ಈಗ ಕಟ್ಟೆಯೊಡೆದಂತೆ ಬರುತ್ತಿತ್ತು. "ಇವತ್ತು ಮುಂಜಾನೆ ಫೌಜದಾರರು ಬರೂದಕ್ಕಿಂತ ಮೊದಲ ಮಾಸ್ತರು ಬಂದ್ರು. ಎರಡೂ ಕೂಡಿಸಿದೆ ಅಂತ ಹೇಳು ಅಂದ್ರು. ಲೆಕ್ಕ ತಪ್ಪಿತು ಅಂದ್ರ ಎರಡು ವರ್ಷ. ಇಲ್ಲಂದ್ರ ಗಲ್ಲು. ಫೌಜದಾರ ನನ್ನ ಶಿಷ್ಯಾ, ಐದೂ ಐದೂ ಹತ್ತು ಅಂದ್ರ ನಂಬತಾನ ಅಂದ್ರು. ನನ್ನ ಉಳಸಾಕ ಹೇಳ್ತಾರ ಅಂತ ತಿಳಕೊಂಡೆ ನಾ."

ಫೌಜದಾರರ ಕೈ ಟೊಪ್ಪಿಗೆಗೆ ಹೋಯಿತು. ಹೋದದ್ದು ಅಲ್ಲೇ ಉಳಿಯಿತು.

"ಎರಡನೇ ಬಾಟ್ಲಿ, ಅನ್ನವ್ವಾ."

"ಇವತ್ತ ಮುಂಜಾನೆ ಅವರ ಒಯ್ದ್ರು. ಗಾಡ್ಯಾಗ ಇಟಗೊಂಡ್ರು. ಅರ್ಧ ತುಂಬಿತ್ರಿ ಅದು. ಅಂಜಿದ ಹುಡುಗ, ನನ್ನ ಮ್ಯಾಲ ನಂಬಿಕಿ ಐತಿ, ನಾನ ಮನಿಯಾಗ ತೊಳೀತೇನಿ ಅಂದ್ರು."

"ಸುಳ್ಳು," ಎಂದರು ಫೌಜದಾರರು. "ಸುಳ್ಳು ಹೇಳಾಕತ್ತಾಳ. ಖೂನಿ ಅಂದಕೂಡ್ಲೆ ಗುರುಗಳ ಮ್ಯಾಲ ಹಾಕಾಕತ್ತಾಳ. ದೇವರಂಥಾ ಮನಷ್ಯಾ."

"ದೇವರಂಥಾ ಮನಷ್ಯಾ ಈಗ ಹುಲಗೂರ ಹಾದಿ ಮ್ಯಾಲ ಅದಾರ," ಎಂದು ಸರೋಜವ್ವ ಎದ್ದಳು. "ಆ ನೀರು ಉಳಿವೆಪ್ಪನ ಬೆನ್ನಿಗೆ ಬೀಳೂದರೊಳಗ ನಿಮ್ಮ ಕುದುರಿ ಕಳಸ್ರಿ. ಒಬ್ಬ ಪೊಲೀಸನ್ನ ಕಳಸ್ರಿ. ಬಾಟ್ಲಿ ವಾಲಿಸಿ ತಳ ನೋಡಲಿ, ಸಾಕು. ತಿಳಿ ಇದ್ರ ನಾನ ಅವರ ಕಾಲಿಗೆ ಬೀಳ್ತೇನಿ."

"ಗುರುಗಳ ಬೆನ್ನಿಗೆ ಪೊಲೀಸನ್ನ ಹಚ್ಚಲೇನು ನಾ? ನನಗ ಅಂಕಿ ತಿದ್ದಿಸಿದ ಕೈ ಅದು, ಅಕ್ಕೋರ!"

"ಯಾವ ಕೈರಿ?"

ಕೇಳಿದವಳು ಕರೆವ್ವ. ಅವಳು ಬೇವಿನ ಗಿಡದ ಕೆಳಗಿನಿಂದ ಎದ್ದು ಬಂದು ಮೆಟ್ಟಿಲ ಕೆಳಗೆ ನಿಂತಿದ್ದಳು. ಆ ಮೆಟ್ಟಿಲು ಏರುವ ಹಕ್ಕು ಅವಳಿಗಿರಲಿಲ್ಲ. ಕಣ್ಣು ಮಾತ್ರ ನೇರವಾಗಿ ಫೌಜದಾರರ ಮುಖದ ಮೇಲಿತ್ತು.

"ಮಾಸ್ತರು ಗಾಡಿ ಹತ್ತೂಮುಂದ ಶಾಲು ಜಾರಿತ್ರಿ. ಬಲಗೈ ಕಂಡಿತು. ಮುಂಗೈತನಾ ಬೆಳ್ಳಗ ಆಗೈತಿ. ಎಲಿಗೆ ಹಚ್ಚೂ ಸುಣ್ಣ ಇರಬೇಕು ಅಂತ ಸುಮ್ಮನ ಕುಂತೆ ನಾ."

ಅವಳು ತಿರುಗಿ ನಡೆದಳು. ಬಾಗಿ ಕಂಬಳಿಯ ತುದಿ ಹಿಡಿದು, ಹೆಣದ ಬೆನ್ನಿನ ಮೇಲಿಂದ ಅದನ್ನು ಸೆಳೆದು ಹಾಕಿದಳು.

"ಬರ್ರಿ ಸಾಹೇಬ್ರ. ಬಣ್ಣ ನೋಡ್ರಿ. ಮಾಸ್ತರ ಕೈ ಮ್ಯಾಲೂ ಇದ ಐತಿ."